ತಗ್ಗಿದ ಗಾಡಿಯ ತಕರಾರು

ಎತ್ತರದಲ್ಲಿ ಕುಳಿತವನಿಗೆ ಲೋಕದಲ್ಲಿ ಮೊದಲಿನಿಂದಲೂ ಮರ್ಯಾದೆ ಹೆಚ್ಚು. ಕಟ್ಟೆ ಎತ್ತರವಾಗಿದ್ದರೆ ಮನೆಗೆ ಶೋಭೆ. ಪಲ್ಲಕ್ಕಿ ಹೆಗಲ ಮೇಲಿದ್ದರೆ ದೇವರಿಗೆ ಶೋಭೆ. ಜಾತ್ರೆಗೆ ಹೊರಟ ಸವಾರಿ ಬಂಡಿಯಲ್ಲಿ ಕುಳಿತ ಗೃಹಸ್ಥನು ದಾರಿಯಲ್ಲಿ ನಡೆಯುವವರನ್ನು ತುಸು ಕೆಳಗಣ್ಣಿನಿಂದಲೇ ನೋಡುತ್ತಿದ್ದನು. ಆದರೆ ಮೋಟಾರು ಕಾರು ಬಂದ ಮೇಲೆ ಈ ನಿಯಮವು ತಿರುಗುಮುರುಗಾಯಿತು. ಪಂದ್ಯದ ಕಾರುಗಳು ನೆಲಕ್ಕೆ ಎದೆಯಾನಿಸಿಕೊಂಡು ಓಡುವುದನ್ನು ಕಂಡ ತರುಣರು, ಗಾಡಿ ತಗ್ಗಿದಷ್ಟೂ ಗಾಡಿಯ ಒಡೆಯನು ಎತ್ತರವಾಗುತ್ತಾನೆಂದು ತಿಳಿದರು. ಆ ತಿಳಿವಳಿಕೆಯಲ್ಲಿ ಒಂದಂಶ ನಿಜವೂ ಇದೆ. ಭಾರವು ನೆಲಕ್ಕೆ ಹತ್ತಿರವಾದಂತೆ ತಿರುವಿನಲ್ಲಿ ಕಾರು ಹೊರಗೆ ವಾಲುವುದು ಕಡಿಮೆಯಾಗುತ್ತದೆ. ಆದರೆ ಪಂದ್ಯದ ಅಂಗಳದಲ್ಲಿ ಹಿಂದಿನ ಸೀಟಿನಲ್ಲಿ ಅತ್ತೆಯೂ ಇರುವುದಿಲ್ಲ, ಅಕ್ಕಿಯ ಚೀಲವೂ ಇರುವುದಿಲ್ಲ, ಹಳ್ಳಿಯ ಬಾಯಲ್ಲಿ ದಾರಿಗಡ್ಡ ಮಲಗಿದ ದಿಬ್ಬವೂ ಇರುವುದಿಲ್ಲ.

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿ ದೇವಿಕೊಪ್ಪವೆಂಬ ಊರಿದೆ. ಜಿಲ್ಲೆಯ ಮೂಡಣ ತಾಲೂಕುಗಳ ಎರೆಯ ಹೊಲಗಳು ಹಿಂದೆ ಸರಿದು, ಮಲೆನಾಡಿನ ಸೆರಗು ಕಾಣಿಸಿಕೊಳ್ಳುವ ಸೀಮೆಯದು. ಈ ಊರಿನ ಒಬ್ಬ ತರುಣನು ಹುಬ್ಬಳ್ಳಿಯಲ್ಲಿ ಉದ್ಯೋಗ ಹಿಡಿದು, ಎರಡು ವರ್ಷ ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಸಣ್ಣ ಕಾರನ್ನು ಕೊಂಡನು. ಕೊಂಡ ಮೂರನೆಯ ತಿಂಗಳಿಗೆ ಅದರ ಮೂಲ ಸ್ಪ್ರಿಂಗುಗಳನ್ನು ತೆಗೆಸಿ, ಗಿಡ್ಡನೆಯ ಸ್ಪ್ರಿಂಗುಗಳನ್ನು ಹಾಕಿಸಿದನು. ಕಾರು ಸರಿಯಾಗಿ ೬ ಸೆಂಟಿಮೀಟರು ಕೆಳಗಿಳಿಯಿತು. ಹೊಸ ರಿಮ್ಮು, ಅಗಲವಾದ ಟಾಯರು, ಕನ್ನಡಿಯಂಥ ಬಣ್ಣ. ಊರೊಳಗೆ ಕಾರು ಬಂದಾಗ ಹುಡುಗರು ಕೇಕೆ ಹಾಕಿದರು. ಹಿರಿಯರೊಬ್ಬರು ಮಾತ್ರ, “ಯಾಕೋ ತಮ್ಮಾ, ಗಾಡಿ ದಣದು ಕುಂತೈತೇನು?” ಎಂದು ಕನಿಕರದಿಂದ ವಿಚಾರಿಸಿದರು.

ಆ ಮಾತನ್ನು ಅವನು ನಗೆಯಲ್ಲಿ ಹಾರಿಸಿದನು. ಆದರೆ ಒಂದು ಕೊರಗನ್ನು ಹಾರಿಸಲಾಗಲಿಲ್ಲ. ಹಿಂದಿನಿಂದ ನಿಂತು ನೋಡಿದರೆ ಬಲಗಡೆಯ ಚಕ್ರವು ಮಡ್‌ಗಾರ್ಡಿನ ಅಂಚಿಗೆ ಬಂದು ಇಣುಕುತ್ತಿತ್ತು. ಎಡಗಡೆಯದು ನಾಚಿದ ಮದುವಣಗಿತ್ತಿಯಂತೆ ಒಳಗೆ ಸರಿದಿತ್ತು. ಎರಡೂ ಒಂದೇ ಅಳತೆಯ ರಿಮ್ಮು, ಒಂದೇ ಅಳತೆಯ ಟಾಯರು. ಒಬ್ಬನೇ ಕುಳಿತು ಓಡಿಸುವಾಗ ತೊಂದರೆಯಿರಲಿಲ್ಲ. ಹಿಂದೆ ಇಬ್ಬರು ಕುಳಿತ ದಿನ, ರಸ್ತೆಯ ದಿಬ್ಬವನ್ನು ದಾಟುವಾಗ ಬಲಗಡೆಯಿಂದ ಕರ್ರೆಂದು ಶಬ್ದ ಬಂದಿತು. ಇಳಿದು ನೋಡಿದರೆ ಟಾಯರಿನ ಹೊರಭುಜದ ಮೇಲೆ ಅಂಚು ಕೊರೆದ ಗೀರು. ವಾರ ಕಳೆಯುವುದರೊಳಗೆ ಗೀರು ಗಾಯವಾಗಿ, ರಬ್ಬರಿನ ಒಳಗಿನ ನೂಲಿನೆಳೆ ಕಾಣತೊಡಗಿತು.

ಇದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಸಿದ್ಧತೆ ನಡೆದಿತ್ತು. ಯಲ್ಲಾಪುರಕ್ಕೆ ಕೊಟ್ಟ ಅವನ ಅಕ್ಕನಿಗೆ ಏಳನೆಯ ತಿಂಗಳು. ಕುಬಸ ಮುಗಿಸಿ, ಚೊಚ್ಚಲ ಬಾಣಂತನಕ್ಕೆ ಅವಳನ್ನು ತವರಿಗೆ ಕರೆತರಬೇಕಾಗಿತ್ತು. ಕಾರು ಕೊಂಡ ದಿನವೇ ತಮ್ಮನು, “ಅಕ್ಕನ್ನ ನನ್ನ ಗಾಡ್ಯಾಗ ಕರಕೊಂಡ ಬರ್ತೀನಿ” ಎಂದು ಮಾತು ಕೊಟ್ಟಿದ್ದನು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರಗಳನ್ನು ಹಾದು ಅಂಕೋಲೆಯತ್ತ ಇಳಿಯುವ ಆ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ ೫೨. ಕರಾವಳಿಗೆ ಹೋಗಿಬರುವ ಭಾರಿ ಲಾರಿಗಳ ಸಂಚಾರ ಅದರ ಮೇಲೆ ಬಹಳ. ತಂದೆ ಟಾಯರಿನ ಗಾಯವನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ ಏನೂ ಹೇಳಲಿಲ್ಲ. ಮರುದಿನ ಮಾತ್ರ ಬಸ್ಸಿನ ವೇಳೆಯನ್ನು ಯಾರಲ್ಲೋ ವಿಚಾರಿಸಿಕೊಂಡು ಬಂದರು. ಬೈದಿದ್ದರೆ ಮಗನು ಸಹಿಸುತ್ತಿದ್ದನೇನೋ. ಬಸ್ಸಿನ ವೇಳೆ ಕೇಳಿದ್ದು ಅವನಿಗೆ ನಾಟಿತು.

ರೋಗಕ್ಕೆ ಮದ್ದು ಹೇಳುವವರಿಗೆ ಕೊರತೆಯೇ? ಒಬ್ಬನು ಅಲೈನ್‌ಮೆಂಟು ಮಾಡಿಸೆಂದನು. ತರುಣನು ಹುಬ್ಬಳ್ಳಿಯಲ್ಲಿ ಕಾರನ್ನು ಯಂತ್ರಕ್ಕೆ ಹಚ್ಚಿಸಿದನು. ಯಂತ್ರವು ನಾಲ್ಕೂ ಚಕ್ರಗಳ ಕೋನಗಳನ್ನು ಅಳೆದು, ಎಲ್ಲವೂ ಮಿತಿಯೊಳಗಿವೆಯೆಂದು ಚೀಟಿ ಮುದ್ರಿಸಿಕೊಟ್ಟಿತು. ಚಕ್ರ ಮಾತ್ರ ಇದ್ದಲ್ಲಿಯೇ ಇತ್ತು. ಎರಡನೆಯವನು, ಎಡ ಚಕ್ರದ ಹಿಂದೆ ಒಂದು ಬಿಲ್ಲೆಯನ್ನು ಕೂಡಿಸಿದರೆ ಅದೂ ಹೊರಗೆ ಬಂದು ಎರಡೂ ಸಮವಾಗಿ ಕಾಣುವುವೆಂದನು. ಒಂದು ಕಾಲು ಕುಂಟೆಂದು ಇನ್ನೊಂದನ್ನೂ ಕುಂಟು ಮಾಡಿದಂತೆ ಇದು. ಮೂರನೆಯವನು, ಬಲ ಮಡ್‌ಗಾರ್ಡಿನ ಅಂಚನ್ನು ಸುತ್ತಿಗೆಯಿಂದ ಮಡಚಿಬಿಡೆಂದನು. ಅಂಚು ಮಡಚಿದರೆ ಶಬ್ದ ನಿಲ್ಲಬಹುದು. ಚಕ್ರವೇಕೆ ಹೊರಗೆ ಬಂದಿತೆಂಬುದಕ್ಕೆ ಸುತ್ತಿಗೆಯಲ್ಲಿ ಉತ್ತರವಿಲ್ಲ.

ಊರಿನಲ್ಲಿ ಒಬ್ಬ ಮುದಿ ಬಡಿಗನಿದ್ದನು. ಒಂದು ಕಾಲಕ್ಕೆ ಸುತ್ತಣ ಹಳ್ಳಿಗಳಿಗೆ ಚಕ್ಕಡಿ ಮಾಡಿಕೊಟ್ಟ ಕೈ. ಈಗ ಬಾಗಿಲು, ಮಂಚಗಳ ರಿಪೇರಿಗೆ ಇಳಿದಿತ್ತು. ಗುಂಬವನ್ನು ಕೊರೆದು, ಅರಗಳನ್ನು ಜೋಡಿಸಿ, ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ, ನೀರು ಹಾಕಿ ಬಿಗಿಯುವ ವಿದ್ಯೆ ಅವನದು. ಮೋಟಾರಿನ ಬಗೆಗೆ ಅವನಿಗೇನೂ ತಿಳಿಯದು. ಆದರೆ ಎರಡು ಚಕ್ರಗಳ ನಡುವೆ ಒಂದು ಅಚ್ಚು ಇದ್ದರೆ ಅದು ಹೇಗೆ ವರ್ತಿಸುವುದೆಂಬುದು ಚೆನ್ನಾಗಿ ತಿಳಿದಿತ್ತು. ಒಂದು ಭಾನುವಾರ ಮುಂಜಾನೆ ಅವನು ಕಾರಿನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದನು.

“ಗಾಲಿ ಹೊರಗ ಬಂದೈತಿ ಅಂತೀ. ಗಾಲಿ ಬಂದೈತೋ, ಅಚ್ಚು ಬಂದೈತೋ?”

“ಅಜ್ಜಾ, ಹುಬ್ಬಳ್ಳ್ಯಾಗ ಮಶೀನಿಗೆ ಹಚ್ಚಿ ನೋಡ್ಯಾರ್ರೀ. ಎಲ್ಲಾ ಸರಿ ಐತಿ ಅಂತ ಚೀಟಿ ಕೊಟ್ಟಾರ.”

“ಚೀಟಿ ಸುಳ್ಳ ಹೇಳಂಗಿಲ್ಲೋ ತಮ್ಮಾ. ನೀ ಕೇಳಿದ್ದಕ್ಕ ಅದು ಉತ್ತರಾ ಕೊಟ್ಟೈತಿ. ಕೇಳೂದ ಬ್ಯಾರೆ ಇತ್ತು.”

ಮಾತು ಸರಿಯಾಗಿತ್ತು. ಅಲೈನ್‌ಮೆಂಟಿನ ಯಂತ್ರವು ಮುಖ್ಯವಾಗಿ ಅಳೆಯುವುದು ಕೋನಗಳನ್ನು: ಚಕ್ರವು ಒಳಗೆ ವಾಲಿದೆಯೇ ಹೊರಗೆ ವಾಲಿದೆಯೇ, ಅದರ ಮೂತಿ ನೇರವಾಗಿದೆಯೇ ಓರೆಯಾಗಿದೆಯೇ ಎಂಬುದನ್ನು. ಇಡಿಯ ಅಚ್ಚು ಓರೆಯಾಗದೆ, ಇದ್ದಂತೆಯೇ ಬಲಕ್ಕೆ ಸರಿದರೆ ಕೋನಗಳೊಂದೂ ಕೆಡುವುದಿಲ್ಲ. ಕೋನ ಸರಿ, ಸ್ಥಾನ ತಪ್ಪು. ಸಾಲಿನಲ್ಲಿ ನೆಟ್ಟಗೆ ನಿಂತ ಹುಡುಗನು ತನ್ನ ಜಾಗ ಬಿಟ್ಟು ಪಕ್ಕದವನ ಜಾಗದಲ್ಲಿ ನೆಟ್ಟಗೆ ನಿಂತಂತೆ.

ಅಂದು ಅಂಗಳದಲ್ಲಿ ನಡೆದ ಪರೀಕ್ಷೆಯನ್ನು ಕ್ರಮವಾಗಿ ಹೇಳುವುದು ಮೇಲು. ಇಂಥ ತಕರಾರು ಯಾರ ಮನೆಯ ಕಾರಿಗಾದರೂ ಬರಬಹುದು. ಮೊದಲು ರಸಮಟ್ಟವಿಟ್ಟು, ಮಟ್ಟವಾದ ನೆಲವನ್ನು ಆರಿಸಿ ಕಾರನ್ನು ನಿಲ್ಲಿಸಿದರು. ನಾಲ್ಕೂ ಟಾಯರುಗಳ ಗಾಳಿಯನ್ನು ಸಮ ಮಾಡಿದರು. ಜಾಕು ಹಚ್ಚಿ ಇಳಿಸಿದ ಕಾರು ಕೂಡಲೇ ತನ್ನ ನಿಜವಾದ ಎತ್ತರಕ್ಕೆ ಬರುವುದಿಲ್ಲ. ಟಾಯರುಗಳು ನೆಲವನ್ನು ಅಡ್ಡಲಾಗಿ ಹಿಡಿದುಕೊಂಡಿರುತ್ತವೆ. ಆದುದರಿಂದ ಪ್ರತಿಯೊಂದು ಅಳತೆಗೆ ಮುಂಚೆ ಕಾರನ್ನು ನಾಲ್ಕು ಮಾರು ಹಿಂದಕ್ಕೂ ಮುಂದಕ್ಕೂ ತಳ್ಳಿ, ಹಿಂಬದಿಯನ್ನು ಎರಡು ಸಲ ಅದುಮಿ ಬಿಟ್ಟರು. ಅನಂತರ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎತ್ತರವನ್ನಳೆದರು. ನೆಲದಿಂದ ಅಳೆದರೆ ಟಾಯರಿನ ಗಾಳಿಯ ವ್ಯತ್ಯಾಸವೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಎರಡೂ ಬದಿ ಸಮವಾಗಿದ್ದವು. ಒಂದು ಸ್ಪ್ರಿಂಗು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂಡದಿದ್ದರೆ, ಅಥವಾ ಕೆಲವರು ಮಾಡುವಂತೆ ಸ್ಪ್ರಿಂಗನ್ನೇ ಗರಗಸದಿಂದ ಕೊಯ್ದಿದ್ದು ಒಂದು ಗಿಡ್ಡವಾಗಿದ್ದರೆ, ಇಲ್ಲಿಯೇ ಸಿಕ್ಕಿಬೀಳುತ್ತಿತ್ತು.

ಮುಂದೆ ಗೌಂಡಿಯ ತೂಗುಗುಂಡು ಬಂದಿತು. ಮಡ್‌ಗಾರ್ಡಿನ ಅಂಚಿನಿಂದ, ಚಕ್ರದ ನಡುವಿಗೆ ನೇರವಾಗಿ ದಾರವನ್ನು ಇಳಿಬಿಟ್ಟು, ದಾರದಿಂದ ರಿಮ್ಮಿನ ಅಂಚು ಎಷ್ಟು ಒಳಗಿದೆಯೆಂದು ನೋಡಿದರು. ಎಡಗಡೆ ೨೫ ಮಿಲಿಮೀಟರು, ಬಲಗಡೆ ೧೧. ವ್ಯತ್ಯಾಸ ೧೪. ತರುಣನು, “ಅಚ್ಚು ೧೪ ಮಿಲಿಮೀಟರು ಸರದೈತಿ” ಎಂದನು. ಬಡಿಗನು ತಲೆಯಲ್ಲಾಡಿಸಿದನು. ಅಚ್ಚು ಒಂದು ಕಡೆ ಎಷ್ಟು ಹೊರಬರುವುದೋ ಇನ್ನೊಂದು ಕಡೆ ಅಷ್ಟೇ ಒಳಹೋಗುವುದು. ಆದುದರಿಂದ ಸರಿದದ್ದು ವ್ಯತ್ಯಾಸದ ಅರ್ಧ, ೭ ಮಿಲಿಮೀಟರು ಮಾತ್ರ. ಕಣ್ಣು ಯಾವಾಗಲೂ ದೋಷವನ್ನು ಇಮ್ಮಡಿ ಮಾಡಿ ತೋರಿಸುತ್ತದೆ.

ಇಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ರಿಮ್ಮಿನಲ್ಲಿಯೇ ತಪ್ಪಿರಬಹುದೆಂದು ಎರಡು ಹಿಂಚಕ್ರಗಳನ್ನು ಅದಲುಬದಲು ಮಾಡಿದರು. ತಪ್ಪು ಚಕ್ರದ್ದಾಗಿದ್ದರೆ ಅದು ಚಕ್ರದೊಡನೆ ಎಡಕ್ಕೆ ಹೋಗಬೇಕಾಗಿತ್ತು. ಹೋಗಲಿಲ್ಲ, ಬಲಗಡೆಯಲ್ಲಿಯೇ ಉಳಿಯಿತು. ಯಾವುದೋ ಹಳೆಯ ಅಪಘಾತದಲ್ಲಿ ಮಡ್‌ಗಾರ್ಡೇ ಒಳಗೆ ಸೇರಿರಬಹುದೆಂದು, ಕಾರಿನ ತಳದ ಮೂಲ ತೊಲೆಗಳಿಂದ ಎರಡೂ ಚಕ್ರಗಳಿಗೆ ಅಳೆದರು. ಅಲ್ಲಿಯೂ ಅದೇ ಅಂತರ ದೊರೆಯಿತು. ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಎರಡೂ ಬದಿ ದಾರ ಎಳೆದರು, ಉದ್ದ ಸಮವಾಗಿತ್ತು. ಆ ಉದ್ದದಲ್ಲಿ ವ್ಯತ್ಯಾಸವಿದ್ದರೆ ಅಚ್ಚು ಓರೆಯಾಗಿದೆಯೆಂದು ಅರ್ಥ. ಆಗ ಕಾರು ಏಡಿಯಂತೆ ಸೊಟ್ಟ ನಡೆಯುತ್ತದೆ, ನೇರ ರಸ್ತೆಯಲ್ಲಿಯೂ ಸ್ಟಿಯರಿಂಗನ್ನು ಒಂದು ಬದಿಗೆ ಹಿಡಿದಿರಬೇಕಾಗುತ್ತದೆ. ಈ ಕಾರಿಗೆ ಆ ರೋಗವಿರಲಿಲ್ಲ. ಅಚ್ಚು ನೆಟ್ಟಗೇ ಇದ್ದು ಬಲಕ್ಕೆ ಸರಿದಿತ್ತು. ಆದರೆ ಕಬ್ಬಿಣದ ಅಚ್ಚನ್ನು ಸರಿಸಿದ ಕೈ ಯಾವುದು?

ಕಾರನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ ಮೇಲೆ ಆ ಕೈ ಕಣ್ಣಿಗೆ ಬಿದ್ದಿತು. ಎಡದಿಂದ ಬಲಕ್ಕೆ ಅಚ್ಚಿನ ಬೆನ್ನಿಗೆ ಒಂದು ಅಡ್ಡ ಸಲಾಕೆ. ಅದರ ಎಡತುದಿ ಕಾರಿನ ಮೈಗೆ, ಬಲತುದಿ ಅಚ್ಚಿಗೆ. ಸುರುಳಿ ಸ್ಪ್ರಿಂಗು ಭಾರವನ್ನು ಹೊರಬಲ್ಲದೇ ಹೊರತು ಅಚ್ಚನ್ನು ಅಡ್ಡಲಾಗಿ ಹಿಡಿದು ನಿಲ್ಲಿಸಲಾರದು. ಆ ಕೆಲಸ ಈ ಸಲಾಕೆಯದು. ಫ್ರಾನ್ಸಿನ ಪನಾರ್ ಎಂಬ ಹಳೆಯ ಮೋಟಾರು ಕಂಪನಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಪನಾರ್ಡ್ ರಾಡು. ಸರಳವಾದ, ನಂಬಿಗಸ್ತ ಸಾಮಾನು. ಅದಕ್ಕೆ ಒಂದೇ ಒಂದು ಸ್ವಭಾವದೋಷ: ಒಂದು ತುದಿ ಕೀಲಿಸಿದ ಕೋಲು ಮೇಲಕ್ಕೂ ಕೆಳಕ್ಕೂ ಹೋಗುವಾಗ ನೇರವಾಗಿ ಹೋಗಲಾರದು, ಕಮಾನಿನಲ್ಲಿ ಹೋಗುತ್ತದೆ.

ಬಡಿಗನು ಒಂದು ಬಿದಿರಿನ ಸೀಳನ್ನು ಗೋಡೆಗೆ ಒಂದು ಮೊಳೆಯಿಂದ ಸಿಕ್ಕಿಸಿ, ಇನ್ನೊಂದು ತುದಿಗೆ ಸುಣ್ಣದ ಕಡ್ಡಿ ಹಿಡಿದು ಮೇಲೆತ್ತಿದನು. ಗೋಡೆಯ ಮೇಲೆ ಬಿಲ್ಲಿನಂಥ ಗೆರೆ ಮೂಡಿತು. ಕೋಲು ಇಳಿಜಾರಾಗಿದ್ದಾಗ ತುದಿಯು ಮೊಳೆಗೆ ಹತ್ತಿರ. ಅಡ್ಡವಾಗುತ್ತ ಬಂದಂತೆ ದೂರ. ತರುಣನಿಗೆ ಪ್ರೌಢಶಾಲೆಯ ಪೈಥಾಗೊರಸನು ನೆನಪಾದನು. ಸಲಾಕೆಯ ಉದ್ದ ೮೦೦ ಮಿಲಿಮೀಟರು. ಮೂಲ ಸ್ಪ್ರಿಂಗಿದ್ದಾಗ ಅದರ ಬಲತುದಿ ಎಡತುದಿಗಿಂತ ೧೨೦ ಮಿಲಿಮೀಟರು ಕೆಳಗಿತ್ತು. ಆಗ ಅದರ ಅಡ್ಡ ಅಳತೆ ಸುಮಾರು ೭೯೧. ಕಾರಿನ ಮೈ ೬೦ ಮಿಲಿಮೀಟರು ಇಳಿದ ಮೇಲೆ ತುದಿಗಳ ಎತ್ತರದ ಅಂತರ ೬೦ಕ್ಕೆ ಇಳಿಯಿತು. ಅಡ್ಡ ಅಳತೆ ಸುಮಾರು ೭೯೮ ಆಯಿತು. ಹೆಚ್ಚಿದ ಆ ೭ ಮಿಲಿಮೀಟರು ಅಚ್ಚನ್ನು ಬಲಕ್ಕೆ ನೂಕಿತ್ತು. ತೂಗುಗುಂಡು ಹೇಳಿದ್ದೂ ಅದನ್ನೇ. ಗೋಡೆಯ ಲೆಕ್ಕಕ್ಕೂ ದಾರದ ಲೆಕ್ಕಕ್ಕೂ ತಾಳೆ ಬಿದ್ದಾಗ ಮುದುಕನ ಮುಖದಲ್ಲಿ ಮೂಡಿದ ನಗೆಯನ್ನು ನೋಡಬೇಕಾಗಿತ್ತು.

ಈ ಕಮಾನಿನ ಕಾಟ ಹಳೆಯದು. ಉಗಿಯಂತ್ರದ ಕೋಲನ್ನು ಬಹುಮಟ್ಟಿಗೆ ನೇರ ಗೆರೆಯಲ್ಲಿ ನಡೆಸುವುದಕ್ಕಾಗಿ ಜೇಮ್ಸ್ ವಾಟ್‌ನು ೧೭೮೪ರಲ್ಲಿಯೇ ಮೂರು ಕೋಲುಗಳ ಒಂದು ಜೋಡಣೆಗೆ ಹಕ್ಕುಪತ್ರ ಪಡೆದನು. ಕೆಲವು ಕಾರುಗಳ ಹಿಂಬದಿಯಲ್ಲಿ ಅದೇ ಉಪಾಯವನ್ನು ಬಳಸಿದ್ದಾರೆ. ಎಲ್ಲ ಕಾರುಗಳ ರೋಗವೂ ಒಂದೇ ಅಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಡರಿನಂಥ ಕಾರಿನಲ್ಲಿ ಅಡ್ಡ ಸಲಾಕೆಯ ಬದಲು ಪಟ್ಟಿಯ ಸ್ಪ್ರಿಂಗುಗಳೇ ಅಚ್ಚನ್ನು ಹಿಡಿದಿರುತ್ತವೆ. ಅಲ್ಲಿ ಪಟ್ಟಿಗಳನ್ನು ಪೋಣಿಸುವ ನಡುವಿನ ಬೋಲ್ಟು ಮುರಿದರೆ ಅಚ್ಚು ಹಿಂದುಮುಂದಾಗಿ ಓರೆಯಾಗುತ್ತದೆ. ಹಿಂಚಕ್ರಗಳು ಒಂದಕ್ಕೊಂದು ಬಿಡಿಯಾಗಿರುವ ಕಾರುಗಳನ್ನು ತಗ್ಗಿಸಿದರೆ ಚಕ್ರಗಳ ತಲೆ ಒಳಗೆ ವಾಲಿ, ಟಾಯರಿನ ಒಳಬದಿ ಬೇಗ ಸವೆಯುತ್ತದೆ; ಅಲ್ಲಿ ಯಂತ್ರದ ಚೀಟಿಯೇ ದಾರಿ ತೋರಿಸುತ್ತದೆ.

ಕಾರಣ ತಿಳಿದ ಮೇಲೆ ಎರಡು ದಾರಿಗಳಿದ್ದವು. ಉದ್ದವನ್ನು ಹೆಚ್ಚುಕಡಿಮೆ ಮಾಡಬಹುದಾದ ತಿರುಪಿನ ಸಲಾಕೆಯನ್ನು ತರಿಸಿ, ೭ ಮಿಲಿಮೀಟರು ಗಿಡ್ಡ ಮಾಡಿ ಹಾಕಿದರೆ ಅಚ್ಚು ನಡುವಿಗೆ ಬರುತ್ತದೆ. ಕಾರು ತಗ್ಗಿಯೇ ಇರುತ್ತದೆ, ಚಕ್ರಗಳೂ ಸಮವಾಗುತ್ತವೆ. ತರುಣನ ಮನಸ್ಸು ಸಹಜವಾಗಿ ಅತ್ತ ಓಡಿತು. ಹಳೆಯ ಸಲಾಕೆಯನ್ನೇ ಕೊಯ್ದು ಬೆಸೆಯಿಸುವ ಅಗ್ಗದ ವಿಚಾರವೂ ಒಮ್ಮೆ ಹಾದುಹೋಯಿತು. ಆದರೆ ಚಲಿಸುವ ಕಾರಿನಲ್ಲಿ ಬೆಸುಗೆ ಬಿಟ್ಟರೆ ಅಚ್ಚನ್ನು ಹಿಡಿಯುವವರಾರು? ಆ ವಿಚಾರವನ್ನು ಅವನೇ ಬಿಟ್ಟನು.

ಬಡಿಗನು ಇನ್ನೊಂದು ಅಳತೆಯನ್ನು ಕೇಳಿದನು: ಹಿಂಬದಿಯ ಸ್ಪ್ರಿಂಗು ಪೂರ್ತಿ ಕುಸಿದು ರಬ್ಬರಿನ ತಡೆಗೆ ಬಡಿಯುವ ಮುನ್ನ ಎಷ್ಟು ಜಾಗವಿದೆ? ಮೊದಲು ೧೦ ಸೆಂಟಿಮೀಟರಿತ್ತು, ೬ನ್ನು ಅಲಂಕಾರ ನುಂಗಿತ್ತು, ಉಳಿದದ್ದು ೪. ನಮ್ಮ ರಸ್ತೆಗಳ ವೇಗತಡೆಯ ದಿಬ್ಬಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಗೊತ್ತುಮಾಡಿದ ಎತ್ತರವೇ ೧೦ ಸೆಂಟಿಮೀಟರು, ಅಗಲ ೩.೭ ಮೀಟರು. ಹಳ್ಳಿಗಳಲ್ಲಿ ಅವರವರೇ ಹಾಕಿಕೊಂಡ ದಿಬ್ಬಗಳಿಗೆ ಇಂಥ ಶಾಸ್ತ್ರವಿಲ್ಲ. ತಿರುಪಿನ ಸಲಾಕೆಯು ಅಚ್ಚನ್ನು ನಡುವಿಗೆ ತರಬಲ್ಲುದು. ಕಳೆದುಹೋದ ಜಾಗವನ್ನು ತಂದುಕೊಡಲಾರದು.

“ಬಂಡಿ ಮಾಡೂವಾಗ ಗುಂಬಕ್ಕೂ ಕಡಾಣಿಗೂ ನಡುವ ತುಸು ಜಾಗಾ ಬಿಡ್ತೀವೋ ತಮ್ಮಾ. ಬಂಡಿ ಖಾಲಿ ಇದ್ದಾಗ ಅದು ಸುಮ್ನ ಬಿಟ್ಟಾಂಗ ಕಾಣತೈತಿ. ಹೇರು ಏರಿದಾಗ ಅದ ಗಾಲೀನ ಉಳಸತೈತಿ.”

ಮನೆಯೊಳಗಿನಿಂದ ತಾಯಿಯ ಮಾತೂ ಬಂದಿತು. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲೆಂದರೆ ನಾಡಿಗೆಲ್ಲ ಹೆಸರು. ಆ ಮನೆಯಲ್ಲಿಯೂ ಒಂದಿತ್ತು. ಮಗನೂ ಮಗಳೂ ತೂಗಿಸಿಕೊಂಡದ್ದು. ಬರುವ ಕೂಸಿಗಾಗಿ ಅದನ್ನು ಅಂದೇ ಅಟ್ಟದಿಂದ ಇಳಿಸಿ ಒರೆಸುತ್ತಿದ್ದರು. “ತೊಟ್ಟಿಲಾ ನೆಲಕ್ಕ ಹತ್ತಿ ಕಟ್ಟಿದ್ರ ಚೆಂದ ಕಾಣಬಹುದಪಾ, ತೂಗಾಕ ಬರಬೇಕಲಾ?” ಎಂದು ಆಕೆ ಕೆಲಸ ಬಿಡದೆಯೇ ಕೇಳಿದಳು.

ಮಗನು ಉತ್ತರ ಕೊಡಲಿಲ್ಲ. ಹಳೆಯ ಸ್ಪ್ರಿಂಗುಗಳೆಲ್ಲಿ ಎಂದು ಕೇಳಿದನು. ಅವನು ಗುಜರಿಗೆ ಹಾಕೆಂದು ಬಿಸಾಡಿದ್ದನ್ನು ತಾಯಿ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದಳು. ಬಳಸಿದ ಸಾಮಾನನ್ನು ಎಸೆಯದ ಗೃಹಿಣಿಯರ ಅಭ್ಯಾಸವನ್ನು ಹಾಸ್ಯ ಮಾಡುವವರು ಈ ಪ್ರಸಂಗವನ್ನು ಲಕ್ಷ್ಯದಲ್ಲಿಡಬೇಕು.

ಮರುವಾರ ಕಲಘಟಗಿಯ ಮೆಕ್ಯಾನಿಕ್ಕನೊಬ್ಬನು ಬಂದು ಮುಂದಿನ, ಹಿಂದಿನ ಮೂಲ ಸ್ಪ್ರಿಂಗುಗಳನ್ನು ಕೂಡಿಸಿದನು. ಅವನೂ ತನ್ನ ಕಸುಬಿನ ಒಂದು ಮರ್ಮವನ್ನು ತೋರಿಸಿಕೊಟ್ಟನು. ಸಲಾಕೆ ಮತ್ತು ತೋಳುಗಳ ಬೋಲ್ಟುಗಳನ್ನು ಕಾರು ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ, ಒಳಗಿನ ರಬ್ಬರಿನ ಬುಷ್ಷುಗಳು ಆ ಸ್ಥಿತಿಯಲ್ಲಿ ಸಿಕ್ಕಿಕೊಂಡು, ಕಾರು ಕೆಳಗಿಳಿದಾಗ ತಿರುಚಿಕೊಳ್ಳುತ್ತವೆ. ಎತ್ತರ ಹೆಚ್ಚುಕಡಿಮೆಯಾಗುತ್ತದೆ, ರಬ್ಬರು ಬೇಗ ಹರಿಯುತ್ತದೆ. ಆದುದರಿಂದ ಅವನು ಮೊದಲು ಸಡಿಲಾಗಿ ಸೇರಿಸಿ, ಚಕ್ರಗಳ ಮೇಲೆ ಕಾರಿನ ಪೂರ್ತಿ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತವನ್ನು ಕೊಟ್ಟನು. ಗಾಯಗೊಂಡ ಟಾಯರನ್ನು ಇನ್ನೊಂದು ಚಕ್ರಕ್ಕೆ ಸಾಗಹಾಕದೆ, ಹಿಂದಿನ ಎರಡನ್ನೂ ಹೊಸದಾಗಿ ಕೊಂಡರು. ಒಳಗಿನ ನೂಲು ಕಂಡ ಟಾಯರಿಗೆ ಯಾವ ಚಿಕಿತ್ಸೆಯೂ ಇಲ್ಲ.

ಮತ್ತೆ ತೂಗುಗುಂಡು ಇಳಿಯಿತು. ಎಡಕ್ಕೆ ೧೮, ಬಲಕ್ಕೆ ೧೮. ಯಾರೂ ಅಚ್ಚನ್ನು ತಳ್ಳಲಿಲ್ಲ, ಬಡಿಯಲಿಲ್ಲ. ಕಾರಿನ ಎತ್ತರ ಅದಕ್ಕೆ ಮರಳಿ ಸಿಕ್ಕೊಡನೆ ಅದು ತಾನಾಗಿಯೇ ತನ್ನ ಜಾಗಕ್ಕೆ ಬಂದಿತ್ತು. ಆಮೇಲೆ ಹಿಂದಿನ ಸೀಟಿನಲ್ಲಿ ತಂದೆ, ತಾಯಿ, ಬಡಿಗಜ್ಜ ಮೂವರನ್ನೂ ಕೂಡಿಸಿಕೊಂಡು ತರುಣನು ಊರ ಬಾಯಿಯ ದಿಬ್ಬವನ್ನು ನಾಲ್ಕು ಸಲ ದಾಟಿಸಿದನು. ಶಬ್ದವೆಂದರೆ ತಾಯಿಯ ಬಳೆಯದು ಮಾತ್ರ.

ಕಾಯಿದೆಯ ಮಾತನ್ನೂ ಇಲ್ಲಿ ಹೇಳಬೇಕು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ಹೇಳುತ್ತದೆ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ದೇವಿಕೊಪ್ಪದ ತರುಣನನ್ನು ತಿದ್ದಿದ್ದು ಕಾಯಿದೆಯಲ್ಲ. ತಂದೆ ಮಾತಾಡದೆ ವಿಚಾರಿಸಿಕೊಂಡು ಬಂದ ಬಸ್ಸಿನ ವೇಳೆ ಅವನನ್ನು ತಿದ್ದಿತು.

ಕುಬಸದ ದಿನ ತಂದೆ ಬಸ್ಸಿನ ಮಾತೆತ್ತಲಿಲ್ಲ. ಬೆಳಿಗ್ಗೆ ತಾವೇ ಮೊದಲು ಬಂದು ಕಾರಿನ ಮುಂದಿನ ಸೀಟಿನಲ್ಲಿ ಕುಳಿತರು. ಕಾರು ಈಗ ಪೇಟೆಯ ಹುಡುಗರು ತಿರುಗಿ ನೋಡುವಂಥದಲ್ಲ. ಸಾವಿರ ಕಾರುಗಳಲ್ಲಿ ಒಂದು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಬರಿಯ ಜಾಗ ಕಾಣುತ್ತದೆ. ಚೆಲುವನ್ನೇ ಹುಡುಕುವ ಕಣ್ಣಿಗೆ ಆ ಜಾಗವು ಕೊರತೆಯಾಗಿ ತೋರಬಹುದು. ಆದರೆ ಗಾಡಿ ಮಾಡಿದವನು ಅದನ್ನು ಮರೆತು ಬಿಟ್ಟದ್ದಲ್ಲ. ಮುಂದೆಂದೋ ಬಂದು ಕುಳಿತುಕೊಳ್ಳುವ ಅಕ್ಕನಿಗಾಗಿ, ಅವಳ ಮಡಿಲಿನ ಕೂಸಿಗಾಗಿ, ಯಾವ ತಿರುವಿನಲ್ಲಿ ಎದುರಾಗುವುದೋ ತಿಳಿಯದ ತಗ್ಗಿಗಾಗಿ ಅವನು ಆ ಜಾಗವನ್ನು ಮೊದಲೇ ಕಾದಿರಿಸಿ ಹೋಗಿದ್ದಾನೆ.